ತೂಕಕ್ಕೆ ಸರಿಯಿದ್ದ ಪೆಟ್ಟಿಗೆ

ಕಾವಲುಗಾರ ಚೆನ್ನಪ್ಪನ ಮೊದಲ ಏಟು ಸುಂದರ ರೈ ಅವರ ಎಡಗೆನ್ನೆಗೆ ಬಿತ್ತು. ಎರಡನೆಯದಕ್ಕೆ ಕನ್ನಡಕ ಹಾರಿತು. ಆಮೇಲಿನದು ಏಟಲ್ಲ, ನೂಕಿದ್ದು. ಅವರು ಹಿಂದಕ್ಕೆ ಜೋಲಿ ಹೊಡೆದು ಯಾರದೋ ಸಾಮಾನಿನ ಗಾಡಿಯ ಮೇಲೆ ಮಗುಚಿದರು. ಗಾಡಿಯಲ್ಲಿದ್ದ ಎಣ್ಣೆಯ ಡಬ್ಬ ಉರುಳಿ ಮೊಣಕಾಲಿನ ಮೇಲೆ ಬಿತ್ತು. ಏಳಲು ನೋಡಿದಾಗ ಚೆನ್ನಪ್ಪ ಅವರ ಬಲಗೈಯನ್ನು ಬೆನ್ನ ಹಿಂದೆ ತಿರುಚಿ ಹಿಡಿದ.

"ಕದ್ದದ್ದೂ ಅಲ್ಲದೆ ದಬಾಯಿಸುದು ಬೇರೆ," ಎಂದ.

"ಅಪ್ಪನ ಕೈ ಬಿಡಿ," ಎಂದಳು ಸುಪ್ರಿತಾ. ಅವಳ ಕೈಯಲ್ಲಿ ಲ್ಯಾಪ್‌ಟಾಪಿನ ಪೆಟ್ಟಿಗೆ ಇತ್ತು. ಪೆಟ್ಟಿಗೆಯೊಳಗೆ, ಸ್ಪಂಜಿನ ನಡುವೆ, ನೆಲಕ್ಕೆ ಹಾಕುವ ಬೂದು ಬಣ್ಣದ ಟೈಲ್ಸ್ ತುಂಡೊಂದು ಇತ್ತು.

ಸುತ್ತ ನಿಂತವರಲ್ಲಿ ಕೆಲವರು ಮೊಬೈಲ್ ಎತ್ತಿ ಹಿಡಿದಿದ್ದರು.

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಹೆದ್ದಾರಿಯಲ್ಲಿ, ಸಂಪ್ಯ ದಾಟಿದ ಮೇಲೆ ಸಿಗುವ ಸದಸ್ಯರ ಸಗಟು ಮಳಿಗೆಯ ಹೊರಬಾಗಿಲಲ್ಲಿ ಇದು ನಡೆಯಿತು. ಊರವರು ಅದನ್ನು ಕ್ಲಬ್ಬು ಎನ್ನುತ್ತಾರೆ. ವರ್ಷಕ್ಕೊಮ್ಮೆ ಚಂದಾ ಕಟ್ಟಿ ಕಾರ್ಡು ಮಾಡಿಸಿಕೊಂಡವರಿಗೆ ಮಾತ್ರ ಒಳಗೆ ಪ್ರವೇಶ. ಒಳಗೆ ಅಂಗಡಿಯ ಅಲಂಕಾರವಿಲ್ಲ. ಸಿಮೆಂಟಿನ ನೆಲ, ಸೂರಿನವರೆಗೆ ಕಬ್ಬಿಣದ ಅಟ್ಟಗಳು, ಮರದ ಹಲಗೆಗಳ ಮೇಲೆ ಬಂದ ಹಾಗೆಯೇ ನಿಲ್ಲಿಸಿದ ಸರಕು. ಅಕ್ಕಿಯೂ ಹಾಗೆ, ಸೋಪೂ ಹಾಗೆ, ಕಂಪ್ಯೂಟರೂ ಹಾಗೆ.

ಕಂಪ್ಯೂಟರಿನ ಅಂಗಡಿಯಲ್ಲಿ ಮೂವತ್ತು ನಲವತ್ತು ಮಾದರಿ ಇದ್ದರೆ ಕ್ಲಬ್ಬಿನಲ್ಲಿ ಮೂರೋ ನಾಲ್ಕೋ. ಶಾಲೆ ಕಾಲೇಜು ತೆರೆಯುವ ಮೊದಲು ಕಂಪನಿಯಿಂದ ಒಂದೇ ಸಲ ರಾಶಿ ತರಿಸುತ್ತಾರೆ. ಮಾದರಿಯ ಸಂಖ್ಯೆಯೂ ಕ್ಲಬ್ಬಿಗೆಂದೇ ಬೇರೆ ಮಾಡಿಸಿದ್ದು. ಹೊರಗಿನ ಅಂಗಡಿಯ ದರದೊಂದಿಗೆ ಯಾರೂ ತಾಳೆ ನೋಡುವ ಹಾಗಿಲ್ಲ. ನೋಡಲು ಒಂದೊಂದನ್ನು ಮೇಜಿನ ಮೇಲೆ ಉಕ್ಕಿನ ತಂತಿಯಿಂದ ಕಟ್ಟಿಟ್ಟಿರುತ್ತಾರೆ. ವಿವರಿಸಿ ಹೇಳಲು ಯಾರೂ ಇಲ್ಲ. ಬೇಕಾದವರು ಅಲ್ಲಿಂದ ಚೀಟಿ ಎತ್ತಿಕೊಂಡು ಹೋಗಿ ಹಣ ಕಟ್ಟಬೇಕು. ಬಾಗಿಲ ಪಕ್ಕದ ಜಾಲರಿ ಕೋಣೆಯಿಂದ ಸೀಲಾದ ಪೆಟ್ಟಿಗೆ ಸಿಗುತ್ತದೆ. ಕಾವಲುಗಾರ ಬಿಲ್ಲಿಗೆ ಪೆನ್ನಿನ ಗೆರೆ ಎಳೆದು ಹೊರಗೆ ಬಿಡುತ್ತಾನೆ. ರಾಶಿ ಮುಗಿದರೆ ಮುಗಿಯಿತು. ಆ ಮಾದರಿ ಮತ್ತೆ ಬರುವುದಿಲ್ಲ. ಬೇಡವೆನಿಸಿದರೆ ಮೂರು ತಿಂಗಳೊಳಗೆ ವಾಪಸ್ ಕೊಡಬಹುದು. ಯಾಕೆ ಎಂದು ಕೇಳುವುದಿಲ್ಲ.

ಸುಂದರ ರೈ ಗುತ್ತಿಗಾರಿನ ಅಡಿಕೆ ದಲ್ಲಾಳಿ. ತೋಟದವರ ಚೀಲಗಳನ್ನು ಪುತ್ತೂರಿನ ಗೋದಾಮುಗಳಿಗೆ ತಲುಪಿಸಿ, ಎರಡೂ ಕಡೆಯವರ ಪರವಾಗಿ ಮಾತು ಮುಗಿಸುವ ಕೆಲಸ. ಚೀಲವನ್ನು ಎತ್ತಿ ಒಮ್ಮೆ ಜಗ್ಗಿದರೆ ಅವರ ಕೈ ತೂಕ ಹೇಳುತ್ತಿತ್ತು. ಆಮೇಲೆ ಚುಚ್ಚುಕೊಳವೆ: ತುದಿ ಚೂಪಾದ, ಒಂದು ಬದಿ ಸೀಳಿದ, ಮೊಳದುದ್ದದ ಉಕ್ಕಿನ ಕೊಳವೆ. ಚೀಲದ ಹೊಟ್ಟೆಗೆ ಚುಚ್ಚಿ ಎಳೆದರೆ ನಾಲ್ಕಾರು ಅಡಿಕೆ ಹೊರಬರುತ್ತದೆ. ಅದನ್ನು ಕತ್ತರಿಸಿ ನೋಡಿ ಇಡೀ ಚೀಲದ ದರ ನಿಗದಿ. ಅವರು ಸರಿ ಎಂದರೆ ಗೋದಾಮಿನವರು ಮತ್ತೆ ತೂಗುತ್ತಿರಲಿಲ್ಲ. ಅವರ ಬದುಕು ನಿಂತದ್ದು ಆ ನಂಬಿಕೆಯ ಮೇಲೆ.

ಮಗಳು ಸುಪ್ರಿತಾ ಗುತ್ತಿಗಾರು ಪೇಟೆಯಲ್ಲಿ ತೆರಿಗೆ ಲೆಕ್ಕಪತ್ರದ ಸಣ್ಣ ಕಚೇರಿ ತೆರೆಯುವವಳಿದ್ದಳು. ಲ್ಯಾಪ್‌ಟಾಪ್ ಕೊಂಡದ್ದು ಅದಕ್ಕೆ. ಜಾಲರಿ ಕೋಣೆಯ ಲತೀಶ ಪೆಟ್ಟಿಗೆ ಕೊಟ್ಟಾಗ ರೈಗಳು ಅದನ್ನು ಕೈಯಲ್ಲಿ ಜಗ್ಗಿ ನೋಡಿ, ಹೊರಗೆ ಅಚ್ಚಾದ ತೂಕವನ್ನು ಓದಿ, "ಸರಿ ಉಂಟು," ಎಂದಿದ್ದರು. ಲತೀಶ ನಕ್ಕಿದ್ದ. ಕ್ಲಬ್ಬಿಗೆ ಸೇರುವ ಮೊದಲು ಅವನೂ ಪುತ್ತೂರಿನ ಅಡಿಕೆ ಗೋದಾಮಿನಲ್ಲಿ ತಕ್ಕಡಿಯ ಮುಂದೆ ಕೂತಿದ್ದವನೇ.

ಮರುದಿನ ಸೀಲು ಒಡೆದಾಗ ಟೈಲ್ಸ್ ಸಿಕ್ಕಿತು. ವಾಪಸ್ ತಂದಾಗ ಮ್ಯಾನೇಜರ್ ಕಿಶನ್ ಭಟ್, "ಇಲ್ಲಿಂದ ಹೋಗುವಾಗ ತೂಕ ಸರಿ ಇತ್ತು, ನೀವೇ ನೋಡಿ ಒಪ್ಪಿದ್ದೀರಿ. ಆಮೇಲೆ ಎಂತ ಮಾಡಿದ್ದೀರೋ ನಮಗೆ ಗೊತ್ತಿಲ್ಲ," ಎಂದ. ರೈಗಳು ಅವನ ಅಂಗಿಯ ಕಾಲರಿಗೆ ಕೈ ಹಾಕಿದರು. ಕಾವಲುಗಾರ ಚೆನ್ನಪ್ಪ ಬಂದದ್ದು ಆಗ.

ಆ ವಿಡಿಯೊ ಅವರಿಗಿಂತ ಮೊದಲು ಗುತ್ತಿಗಾರಿಗೆ ತಲುಪಿತ್ತು.

ಮೊದಲು ಯಾರೂ ಏನೂ ಹೇಳಲಿಲ್ಲ. ಆದರೆ ಗೋದಾಮಿನಲ್ಲಿ ಅವರು ಸರಿ ಎಂದ ಚೀಲಗಳನ್ನು ಮತ್ತೊಮ್ಮೆ ತಕ್ಕಡಿಗೆ ಏರಿಸಿದರು. ಇದುವರೆಗೆ ಹಾಗೆ ಆಗಿರಲಿಲ್ಲ. ಚೀಲ ಹೊರುವವರು ಪರಸ್ಪರ ಮುಖ ನೋಡಿಕೊಂಡರು. ಎರಡು ತೋಟದವರು ಈ ಸಲ ತಾವೇ ಅಡಿಕೆ ತರುತ್ತೇವೆ ಎಂದು ಫೋನು ಮಾಡಿದರು.

ಅವರ ಸರಕನ್ನು ವರ್ಷಗಳಿಂದ ಸಾಗಿಸುತ್ತಿದ್ದ ಪಿಕಪ್ಪಿನ ಯತಿನ್ ಮಾತ್ರ ಬಾಯಿ ಬಿಟ್ಟ. ಹಿಂಬಾಗಿಲಿನ ಅಂಚು ಹಿಡಿದು ನಿಂತು, "ರೈಗಳೇ, ಇದರಲ್ಲಿ ಅಡಿಕೆಯೇ ಉಂಟಲ್ಲ? ಟೈಲ್ಸಿಗಾದ್ರೆ ಬಾಡಿಗೆ ಜಾಸ್ತಿ ಮಾರಾಯ್ರೆ," ಎಂದ.

ರೈಗಳು ಹಿಂಬಾಗಿಲನ್ನು ಎರಡೂ ಕೈಯಿಂದ ಎತ್ತಿ ಅವನ ಬೆರಳುಗಳ ಮೇಲೆ ಬಡಿದರು. ಯತಿನ್ ಕೂಗಲಿಲ್ಲ, ಕೂಗಲು ಉಸಿರು ಸಿಗದೆ ಬಾಯಿ ತೆರೆದು ನಿಂತ. ಅವರು ಮತ್ತೊಮ್ಮೆ ಬಡಿದರು. ಚೀಲ ಹೊರುವವರು ಬಂದು ಬಾಗಿಲು ಬಿಡಿಸುವಾಗ ಅವನ ಎರಡು ಬೆರಳುಗಳು ಅಡ್ಡಕ್ಕೆ ತಿರುಗಿದ್ದವು. ಉಗುರೊಂದು ಕಬ್ಬಿಣಕ್ಕೆ ಅಂಟಿತ್ತು.

ಮನೆಯಲ್ಲಿ ಸುಪ್ರಿತಾ ಅಂಗಿಯ ಮೇಲಿನ ರಕ್ತ ನೋಡಿ, "ಇದು ಯಾರದ್ದು?" ಎಂದು ಕೇಳಿದಳು.

"ಯತಿನಂದು."

"ನನಗೆ ಲ್ಯಾಪ್‌ಟಾಪ್ ಬೇಡಪ್ಪ. ಗ್ರಾಹಕರ ಕೋರ್ಟಿಗೆ ಹಾಕುವ. ಹಣ ಬಂದರೆ ಬರ್ತದೆ."

"ನಾನು ಹಣ ಕೇಳಿದೆನಾ?"

"ಮತ್ತೆ ಎಂತ ಬೇಕು ನಿಮಗೆ?"

"ಇವರು ಕಳ್ಳ ಅಲ್ಲ ಅಂತ ಒಬ್ಬ ಹೇಳ್ಬೇಕು. ನಾಲ್ಕು ಜನರ ಎದುರು. ನನ್ನನ್ನು ಹೊಡೆದ ಜಾಗದಲ್ಲಿ."

"ಕೋರ್ಟಿನಲ್ಲಿ ಹೇಳ್ತಾರೆ."

"ಕೋರ್ಟು ಹೇಳುವಾಗ ಆ ರಾಶಿ ಇರ್ತದಾ? ಅದು ದಿನಾ ಕರಗುತ್ತಾ ಉಂಟು. ನನ್ನ ಪೆಟ್ಟಿಗೆಯಲ್ಲಿ ಟೈಲ್ಸ್ ಇದ್ದರೆ ಅದೇ ರಾಶಿಯ ಬೇರೆಯದರಲ್ಲಿಯೂ ಇರ್ತದೆ. ಎಲ್ಲ ಮಾರಿ ಹೋದ ಮೇಲೆ ಯಾವುದನ್ನು ತೋರಿಸುದು?"

ಅವರ ಲೆಕ್ಕಾಚಾರದಲ್ಲಿ ಅರ್ಧ ಸರಿಯಿತ್ತು.

ಲ್ಯಾಪ್‌ಟಾಪ್ ವಾಪಸ್ ಬಂದರೆ ಅದನ್ನು ಬೇರೆಯಾಗಿಟ್ಟು ಕಂಪನಿಗೆ ಕಳುಹಿಸಬೇಕು ಎಂಬುದು ಕ್ಲಬ್ಬಿನ ನಿಯಮ. ಕಳುಹಿಸಿದಷ್ಟೂ ಮಳಿಗೆಯ ಮಾರಾಟದ ಅಂಕಿ ಇಳಿಯುತ್ತದೆ. ಸೀಲು ಒಡೆಯದೆ ವಾಪಸ್ ಬಂದದ್ದನ್ನು ಪುನಃ ರಾಶಿಗೆ ಸೇರಿಸಿದರೆ ಏನು ಎಂದು ಕಿಶನ್ ಕೇಳಿದ್ದ. ಒಳಗೆ ಸರಕು ಇದೆಯೆಂದು ತಿಳಿಯಲು ಸೀಲು ಒಡೆಯಬೇಕು, ಒಡೆದರೆ ಹೊಸದೆಂದು ಮಾರುವಂತಿಲ್ಲ. ದಾರಿ ತೋರಿಸಿದವನು ಲತೀಶ. ತೂಗಿ ನೋಡಿದರೆ ಸಾಕು ಎಂದ. ಗೋದಾಮಿನಲ್ಲಿ ವರ್ಷಗಟ್ಟಲೆ ಅವನು ಮಾಡಿದ್ದು ಅದನ್ನೇ. ತೂಕ ಸರಿಯಿದ್ದರೆ ಚೀಲ ಸರಿ. ಯಾರೋ ಒಬ್ಬ, ಬೇರೆಯವರ ಕಾರ್ಡು ಕೇಳಿ ತಂದು, ಲ್ಯಾಪ್‌ಟಾಪ್ ಕೊಂಡು, ಪೆಟ್ಟಿಗೆಯಲ್ಲಿ ಅಷ್ಟೇ ತೂಕದ ಟೈಲ್ಸ್ ಇಟ್ಟು, ಸೀಲು ಹಾಕಿ ಹಿಂದಿರುಗಿಸಿದ್ದ. ಒಂದು ಕಾರ್ಡಿನಲ್ಲಿ ಇಡೀ ಕುಟುಂಬ, ನೆರೆಹೊರೆ, ಸೊಸೈಟಿಯವರೆಲ್ಲ ಸಾಮಾನು ತರುವ ಊರಿನಲ್ಲಿ ಅವನು ಯಾರೆಂದು ತಿಳಿಯುವಂತಿರಲಿಲ್ಲ. ಬಿಲ್ಲಿನಲ್ಲಿ ಮಾದರಿ ಮಾತ್ರ ದಾಖಲಾಗುತ್ತಿತ್ತು. ಯಾವ ಪೆಟ್ಟಿಗೆ ಎಂದು ಇಲ್ಲ. ಹಾಗಾಗಿ ಟೈಲ್ಸ್ ಕಂಡ ಮೇಲೆ, ರೈಗಳಿಗೆ ಸಿಕ್ಕಿದ್ದು ವಾಪಸ್ ಬಂದ ಪೆಟ್ಟಿಗೆ ಎಂದು ತಿಳಿದವನು ಲತೀಶ ಒಬ್ಬನೇ. ಕಿಶನ್ ಊಹಿಸಿರಬಹುದು.

ರೈಗಳು ಮತ್ತೆ ಕ್ಲಬ್ಬಿಗೆ ಹೋದದ್ದು ಭಾನುವಾರ ಬೆಳಿಗ್ಗೆ, ಜನ ಹೆಚ್ಚಿರುವ ಹೊತ್ತು ನೋಡಿ. ಕಾರ್ಡು ತೋರಿಸಿ ಒಳಗೆ ಬಂದರು. ಚುಚ್ಚುಕೊಳವೆ ಪಂಚೆಯ ಮಡಿಕೆಯಲ್ಲಿತ್ತು. ಲ್ಯಾಪ್‌ಟಾಪಿನ ಮೇಜಿನ ಪಕ್ಕ ಎರಡು ಹಲಗೆಗಳ ಜಾಗ ಖಾಲಿಯಾಗಿತ್ತು. ಉಳಿದದ್ದೆಲ್ಲ ಜಾಲರಿ ಕೋಣೆಯ ಒಳಗೆ, ಎದೆಮಟ್ಟದ ಒಂದೇ ರಾಶಿ.

ಚೆನ್ನಪ್ಪ ಅವರನ್ನು ನೋಡಿದ. "ಎಂತ ರೈಗಳೇ, ಇನ್ನೊಂದು ಟೈಲ್ಸ್ ಬೇಕಿತ್ತಾ? ಬಚ್ಚಲಿಗೆ ಸಾಕಾಗಲಿಲ್ಲವಾ?"

ಹತ್ತಿರವಿದ್ದವರು ನಕ್ಕರು. ರೈಗಳು ಕೊಳವೆ ತೆಗೆದು ಅವನ ತಲೆಯ ಬದಿಗೆ ಬೀಸಿದರು. ಸೀಳಿದ ಅಂಚು ಕಿವಿಯ ಮೇಲ್ಭಾಗವನ್ನು ಕತ್ತರಿಸಿಕೊಂಡು ಹೋಯಿತು. ಚೆನ್ನಪ್ಪ ಎರಡು ಹೆಜ್ಜೆ ಓಲಾಡಿ ಜಾಲರಿಗೆ ಬೆನ್ನು ಕೊಟ್ಟು ಕೆಳಗೆ ಜಾರಿ ಕೂತ. ನಗು ನಿಂತಿತು. ಗಾಡಿಗಳನ್ನು ಬಿಟ್ಟು ಜನ ಹಿಂದಕ್ಕೆ ಓಡಿದರು.

ಯಾರಿಗೋ ಪೆಟ್ಟಿಗೆ ಕೊಡಲು ಲತೀಶ ಜಾಲರಿಯ ಬಾಗಿಲು ತೆರೆದಿದ್ದ. ರೈಗಳು ಅವನನ್ನು ಎದೆಗೆ ನೂಕಿ ಒಳಗೆ ಹಾಕಿ, ತಾವೂ ನುಗ್ಗಿ, ಬಾಗಿಲೆಳೆದುಕೊಂಡರು. ಕಳ್ಳತನ ತಡೆಯಲು ಆ ಬಾಗಿಲಿಗೆ ತಾನಾಗಿ ಬೀಳುವ ಬೀಗವಿತ್ತು. ಒಳಗಿನಿಂದಲೂ ಕೀಲಿ ಬೇಕು. ಕೀಲಿ ಲತೀಶನ ಸೊಂಟದಲ್ಲಿತ್ತು. ಅವನು ಅದಕ್ಕೆ ಕೈ ಹಾಕಿದಾಗ ರೈಗಳು ಕೊಳವೆಯಿಂದ ಆ ಕೈಗೆ ಹೊಡೆದರು, ಮತ್ತೆ ಹೊಡೆದರು, ಕೀಲಿ ಕಿತ್ತು ಜಾಲರಿಯ ಸಂದಿಯಿಂದ ಹೊರಗೆ ಎಸೆದರು. ಅದು ನೆಲದಲ್ಲಿ ಜಾರಿ ಎಣ್ಣೆ ಡಬ್ಬಗಳ ಹಲಗೆಯ ಅಡಿಗೆ ಹೋಯಿತು.

"ಇನ್ನು ನೀನು ಹೇಳುವವರೆಗೆ ಇಬ್ಬರೂ ಇಲ್ಲಿಯೇ," ಎಂದರು.

ಕಿಶನ್ ಮೇಲಿನ ಕಚೇರಿಯ ಮೆಟ್ಟಿಲಿಳಿದು ಬಂದ. ದೂರದಲ್ಲಿಯೇ ನಿಂತು, "ಪೊಲೀಸರಿಗೆ ಫೋನ್ ಹೋಗಿದೆ ರೈಗಳೇ. ಅವನನ್ನು ಬಿಡಿ," ಎಂದ.

"ಅವನನ್ನು ಹಿಡಿದವರು ಯಾರು? ಪೆಟ್ಟಿಗೆ ಒಡೆದು ತೋರಿಸು, ಬಿಡ್ತೇನೆ."

"ಒಡೆದದ್ದನ್ನು ಯಾರು ತೆಗೊಳ್ತಾರೆ? ನೀವಾ?"

ಲತೀಶ ಗೋಡೆಗೆ ಒರಗಿ, ಮುರಿದ ಮಣಿಕಟ್ಟನ್ನು ಎದೆಗೆ ಒತ್ತಿ ಹಿಡಿದಿದ್ದ. ತಗ್ಗಿದ ದನಿಯಲ್ಲಿ, ಕಿಶನಿಗೆ ಕೇಳದ ಹಾಗೆ, ತುಳುವಿನಲ್ಲಿ ಮಾತಾಡಿದ. "ರೈಗಳೇ, ನಿಮಗೆ ಸಿಕ್ಕಿದ್ದು ವಾಪಸ್ ಬಂದ ಪೆಟ್ಟಿಗೆ. ಯಾರೋ ಟೈಲ್ಸ್ ಹಾಕಿ ಕೊಟ್ಟದ್ದು. ನಾನೇ ತೂಗಿ ರಾಶಿಗೆ ಇಟ್ಟೆ. ನಿಮ್ಮ ತಪ್ಪು ಎಂತದೂ ಇಲ್ಲ."

ಆ ಮಾತಿಗಾಗಿಯೇ ಅವರು ಬಂದದ್ದು. ರೈಗಳ ಕೈ ಸ್ವಲ್ಪ ಕೆಳಗಿಳಿಯಿತು.

"ಇದನ್ನೇ ಜೋರಾಗಿ ಹೇಳು. ಅವರಿಗೆಲ್ಲ ಕೇಳ್ಬೇಕು."

"ಜೋರಾಗಿ ಹೇಳಿದ್ರೆ ನಾಳೆಯಿಂದ ನಾನು ಕಳ್ಳ. ಲ್ಯಾಪ್‌ಟಾಪ್ ತೆಗೆದದ್ದು ನಾನೇ ಅಂತ ಮಾಡ್ತಾರೆ."

"ನಾನು ಈಗ ಇರುದು ಹಾಗೆಯೇ ಅಲ್ವಾ?"

ಲತೀಶ ಜಾಲರಿಯಾಚೆಗೆ ಕಿಶನನ್ನು ನೋಡಿದ. ಕಿಶನ್ ಅವನನ್ನೇ ನೋಡುತ್ತಿದ್ದ. ಲತೀಶ ತಲೆ ತಗ್ಗಿಸಿದ.

"ವಾಪಸ್ ಬಂದದ್ದು ಅದೊಂದೇಯಾ?" ಎಂದು ರೈಗಳು ಕೇಳಿದರು.

"ಇನ್ನೂ ನಾಲ್ಕೈದು ಇದರಲ್ಲಿಯೇ ಉಂಟು. ಯಾವುದು ಅಂತ ನನಗೂ ಈಗ ಗೊತ್ತಾಗುದಿಲ್ಲ. ಎಲ್ಲ ತೂಕಕ್ಕೆ ಸರಿ ಇತ್ತು."

"ಹಾಗಾದ್ರೆ ಇನ್ನೊಂದಾದ್ರೂ ಇರ್ತದೆ."

ರೈಗಳು ರಾಶಿಯ ಮೇಲಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ಜಗ್ಗಿ ನೋಡತೊಡಗಿದರು. ಒಂದು, ಮತ್ತೊಂದು. ನೋಡಿದ್ದನ್ನು ನೆಲಕ್ಕೆ ಎಸೆದರು. ಮುಂದಿನದನ್ನು ಎತ್ತಿದಾಗ ಅವರ ಕೈ ನಿಂತಿತು. ಭಾರ ನಡುವಿಗೆ ಬಂದ ಹಾಗೆ ಅನಿಸಿತು, ಚಪ್ಪಟೆ ವಸ್ತುವೊಂದು ಒಳಗೆ ಮಲಗಿದ ಹಾಗೆ. ಅದನ್ನು ರಾಶಿಯ ಮೇಲೆಯೇ ಇಟ್ಟು, ಎಡಗೈಯಲ್ಲಿ ಒತ್ತಿ ಹಿಡಿದು, ಬಲಗೈಯಲ್ಲಿ ಕೊಳವೆ ಎತ್ತಿದರು.

"ಚುಚ್ಚಬೇಡಿ," ಎಂದ ಲತೀಶ. "ಒಳಗೆ ಬ್ಯಾಟರಿ ಉಂಟು."

"ಬ್ಯಾಟರಿಯೋ ಟೈಲ್ಸೋ, ಈಗ ಗೊತ್ತಾಗ್ತದೆ."

ಚೀಲಕ್ಕೆ ಚುಚ್ಚುವ ಹಾಗೆಯೇ ಚುಚ್ಚಿದರು, ಹೊಟ್ಟೆಯ ನಡುವಿಗೆ, ಮೇಲಿನಿಂದ ಓರೆಯಾಗಿ. ರಟ್ಟು ಹರಿಯಿತು. ಸ್ಪಂಜು ದಾಟಿತು. ಆಮೇಲೆ ತುದಿಗೆ ಗಟ್ಟಿಯಾದದ್ದೊಂದು ತಾಗಿತು. ಇಷ್ಟು ವರ್ಷ ಚೀಲದೊಳಗಿನ ಕಲ್ಲನ್ನು ಅಡಿಕೆಯಿಂದ ಬೇರೆ ಮಾಡಿ ಹೇಳಿದ ಕೈ, ಇದು ಟೈಲ್ಸ್ ಎಂದು ಹೇಳಿತು.

"ಸಿಕ್ಕಿತು," ಎಂದರು ಅವರು ಹೊರಗಿನವರಿಗೆ ಕೇಳುವಂತೆ. "ಬನ್ನಿ, ಎಲ್ಲರೂ ನೋಡಿ." ಎರಡೂ ಕೈಯಿಂದ ಕೊಳವೆ ಹಿಡಿದು ಮೈಭಾರ ಹಾಕಿದರು.

ಒಳಗಿದ್ದದ್ದು ಲ್ಯಾಪ್‌ಟಾಪ್. ಹೊಸ ಯಂತ್ರಗಳ ಬ್ಯಾಟರಿ ತುಂಬಿರುವುದಿಲ್ಲ, ಖಾಲಿಯೂ ಇರುವುದಿಲ್ಲ. ಹೊತ್ತಿಕೊಳ್ಳಲು ಅಷ್ಟು ಸಾಕು. ಪೆಟ್ಟಿಗೆಯ ತೂತಿನಿಂದ ಮೊದಲು ಬಿಳಿ ಹೊಗೆ ಸೀಟಿ ಹೊಡೆದ ಹಾಗೆ ಬಂತು. ರೈಗಳಿಗೆ ಕೊಳವೆ ಬಿಡಲು ತೋಚಲಿಲ್ಲ. ಬೆಂಕಿ ಆ ಕೊಳವೆಯ ಸೀಳಿನಗುಂಟವೇ ಮೇಲೆ ಚಿಮ್ಮಿ ಅವರ ಎರಡೂ ಅಂಗೈಗಳನ್ನು ಹಿಡಿಯಿತು. ಅವರು ಕಿರುಚಿ ಹಿಂದಕ್ಕೆ ಬಿದ್ದು ಬಾಗಿಲಿಗೆ ಬಡಿದರು.

ರಾಶಿಗೆ ಸುತ್ತಿದ ಪ್ಲಾಸ್ಟಿಕ್ ಹಾಳೆ ಕರಗಿ ಹನಿಯತೊಡಗಿತು. ಕೆಳಗಿನ ಪೆಟ್ಟಿಗೆ ಸಿಡಿಯಿತು, ಅದರ ಪಕ್ಕದ್ದು ಸಿಡಿಯಿತು. ಕಿಶನ್ ಎರಡನೆಯ ಕೀಲಿ ತರಲು ಮೇಲಕ್ಕೆ ಓಡಿದ. ಯಾರೋ ಬೆಂಕಿ ನಂದಿಸುವ ಡಬ್ಬ ತಂದು ಜಾಲರಿಯ ಸಂದಿಯಿಂದ ಪುಡಿ ಹಾರಿಸಿದರು. ಜ್ವಾಲೆ ತಗ್ಗಿ ಮತ್ತೆ ಎದ್ದಿತು. ಲತೀಶ ಇದ್ದದ್ದು ರಾಶಿಯ ಆಚೆ, ಮೂಲೆಯಲ್ಲಿ. ಬಾಗಿಲಿಗೆ ಬರಬೇಕಾದರೆ ಬೆಂಕಿಯನ್ನು ದಾಟಿ ಬರಬೇಕು. ಒಮ್ಮೆ ಪ್ರಯತ್ನಿಸಿದ. ಅಂಗಿ ಹೊತ್ತಿಕೊಂಡು ಹಿಂದಕ್ಕೆ ಸರಿದ. ಆಮೇಲೆ ಕಪ್ಪು ಹೊಗೆಯಲ್ಲಿ ಅವನು ಕಾಣಲಿಲ್ಲ, ಕೆಮ್ಮು ಮಾತ್ರ ಕೇಳಿಸುತ್ತಿತ್ತು.

ಎದ್ದು ಬಂದವನು ಚೆನ್ನಪ್ಪ. ಅಂಗಿಯ ಒಂದು ಬದಿ ಪೂರ್ತಿ ಕೆಂಪಾಗಿತ್ತು. ಅಕ್ಕಿ ಚೀಲ ಹೇರಿದ್ದ ಕೈಬಂಡಿಯನ್ನು ಹಿಡಿದು, ಓಡಿಸಿಕೊಂಡು ಬಂದು, ಹಲಗೆಯಡಿಗೆ ತೂರಿಸುವ ಅದರ ಕಬ್ಬಿಣದ ಕೊಂಬುಗಳನ್ನು ಬಾಗಿಲಿಗೆ ಗುದ್ದಿದ. ಮತ್ತೆ ಹಿಂದಕ್ಕೆ ಎಳೆದು ಗುದ್ದಿದ. ಬೀಗ ಕಿತ್ತುಬಂತು, ಬಾಗಿಲಿಗೊರಗಿದ್ದ ರೈಗಳ ಕಾಲಿನ ಎಲುಬೂ ಮುರಿಯಿತು. ಅವರನ್ನು ಕುತ್ತಿಗೆಪಟ್ಟಿ ಹಿಡಿದು ಎಳೆದು ಹೊರಗೆ ಹಾಕಿದ. ಲತೀಶನಿಗಾಗಿ ಎರಡು ಸಲ ಒಳಗೆ ಹೋದ. ಎರಡು ಸಲವೂ ಬರಿಗೈಯಲ್ಲಿ ಬಂದ.

ಅಗ್ನಿಶಾಮಕದವರು ಲತೀಶನನ್ನು ಹೊರತೆಗೆದಾಗ ಉಸಿರಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ, ಮಾತಾಡಲಾಗದೆ, ಮರುದಿನ ಸಂಜೆ ತೀರಿಕೊಂಡ.

ರೈಗಳೂ ಅದೇ ಆಸ್ಪತ್ರೆಯಲ್ಲಿದ್ದರು. ಬಲಗೈಯ ಬೆರಳುಗಳನ್ನು ಕತ್ತರಿಸಿ ತೆಗೆದಿದ್ದರು. ಎಡಗೈಯಲ್ಲಿ ಚರ್ಮ ಇರಲಿಲ್ಲ. ಬಾಗಿಲಲ್ಲಿ ಪೊಲೀಸ್ ಕಾವಲಿತ್ತು. ಹೇಳಿಕೆ ಪಡೆಯಲು ಸಬ್ ಇನ್‌ಸ್ಪೆಕ್ಟರ್ ಒಬ್ಬ ಪೇದೆಯೊಂದಿಗೆ ಬಂದಾಗ ಸುಪ್ರಿತಾ ಮಂಚದ ಪಕ್ಕ ಕೂತಿದ್ದಳು.

ರೈಗಳು ನಡೆದದ್ದನ್ನು ಮೊದಲಿನಿಂದ ಹೇಳಿದರು. ಏನನ್ನೂ ಬಿಡಲಿಲ್ಲ. ಚೆನ್ನಪ್ಪನ ಕಿವಿ ಹೇಳಿದರು, ಲತೀಶನ ಮಣಿಕಟ್ಟು ಹೇಳಿದರು, ಕೀಲಿ ಎಸೆದದ್ದು ಹೇಳಿದರು. ಯಾರೂ ಕೇಳದಿದ್ದರೂ ಯತಿನನ ಬೆರಳುಗಳನ್ನೂ ಹೇಳಿದರು.

"ನಿಮಗೆ ಕೊಟ್ಟದ್ದು ವಾಪಸ್ ಬಂದ ಪೆಟ್ಟಿಗೆ ಅಂತ ಲತೀಶ ಹೇಳಿದ್ದಾ?" ಎಂದು ಸಬ್ ಇನ್‌ಸ್ಪೆಕ್ಟರ್ ಕೇಳಿದರು. "ವಾಪಸ್ ಬಂದದ್ದನ್ನು ನಾವು ಮಾರುವುದೇ ಇಲ್ಲ ಅಂತ ಮ್ಯಾನೇಜರ್ ಬರೆದುಕೊಟ್ಟಿದ್ದಾರೆ. ರಾಶಿ ಸುಟ್ಟು ಹೋಗಿದೆ. ಲತೀಶ ಇಲ್ಲ. ಬೇರೆ ಯಾರಾದರೂ ಕೇಳಿದವರು ಇದ್ದಾರಾ?"

"ಇಲ್ಲ," ಎಂದರು ರೈಗಳು. ಕಣ್ಣು ಮುಚ್ಚಿಕೊಂಡರು. "ಇದ್ದವನು ಅವನೊಬ್ಬ."

ಸುಪ್ರಿತಾ ಅಪ್ಪನ ಮುಖ ನೋಡಲಿಲ್ಲ. ಬ್ಯಾಂಡೇಜ್ ಸುತ್ತಿದ ಕೈಗಳನ್ನು ನೋಡುತ್ತಿದ್ದಳು.

ಚೆನ್ನಪ್ಪನ ಹೇಳಿಕೆಯನ್ನು ಅದೇ ಮಧ್ಯಾಹ್ನ ಪಡೆದರು. ಅವನ ಮುಂಗೈಗಳೂ ಸುಟ್ಟಿದ್ದರಿಂದ ಕೆಳಗಿನ ವಾರ್ಡಿನಲ್ಲಿದ್ದ. ಅವನು ಒಂದು ಮಾತು ರೈಗಳ ಎದುರಿನಲ್ಲಿಯೇ ಹೇಳಬೇಕು ಎಂದು ಹಟ ಹಿಡಿದ. ಗಾಲಿಕುರ್ಚಿಯಲ್ಲಿ ಕರೆತಂದರು. ತಲೆಗೆ ಸುತ್ತಿದ ಬಟ್ಟೆಯಿಂದ ಒಂದು ಕಣ್ಣು ಅರ್ಧ ಮುಚ್ಚಿತ್ತು.

"ನಾನು ಜಾಲರಿಗೆ ಒರಗಿ ಬಿದ್ದಿದ್ದೆ ಸರ್. ಒಂದು ಕಿವಿ ಇವರು ತೆಗೆದ್ರು. ಇನ್ನೊಂದು ಸರಿ ಉಂಟು," ಎಂದ. "ಲತೀಶ ಹೇಳಿದ್ದು ನಾನು ಕೇಳಿದ್ದೇನೆ. ಯಾರೋ ವಾಪಸ್ ಕೊಟ್ಟದ್ದು, ಅವನೇ ತೂಗಿ ಇಟ್ಟದ್ದು, ರೈಗಳದ್ದು ತಪ್ಪಿಲ್ಲ ಅಂತ ಹೇಳಿದ. ನಾನು ಇವರನ್ನು ಹೊಡೆದದ್ದು ಸುಳ್ಳಿಗೆ."

ರೈಗಳು ಕಣ್ಣು ತೆರೆದರು.

"ಭಟ್ರು ನನ್ನನ್ನು ಕೆಲಸದಿಂದ ತೆಗೀತಾರೆ. ತೆಗೆಯಲಿ," ಎಂದ ಚೆನ್ನಪ್ಪ. ಆಮೇಲೆ ಮಂಚದ ಕಡೆಗೆ ತಿರುಗಿದ. "ಲತೀಶ ಒಳಗೆ ಕೆಮ್ಮುದು ನನಗೆ ಈಗಲೂ ಕೇಳ್ತದೆ. ನೀವು ಕಳ್ಳ ಅಲ್ಲ ರೈಗಳೇ. ಕೊಂದವರು ಹೌದು. ಸರ್, ಎರಡನ್ನೂ ಬರ್ಕೊಳ್ಳಿ."

ಪೇದೆ ಪೆನ್ನು ಹಿಡಿದು ಸಬ್ ಇನ್‌ಸ್ಪೆಕ್ಟರ್ ಮುಖ ನೋಡಿದ. ಅವರು ತಲೆಯಾಡಿಸಿದರು.

"ಮೊದಲು ಹೇಳಿದ್ದನ್ನು ಮೊದಲು ಬರೆಯಿರಿ," ಎಂದರು ಸುಂದರ ರೈ.

ಸುಪ್ರಿತಾ ಎದ್ದು ಹೊರಗೆ ಹೋದಳು.